ಬಟ್ಟಲು ನಾಣ್ಯ

ಮಾರ್ಚ್ 4, ಬೆಳಿಗ್ಗೆ
ಟೀ ಆಯಿತು, ಮಾತ್ರೆ ಆಯಿತು, ನಾಣ್ಯದ ಟ್ರೇ ತೆಗೆದಿಟ್ಟೆ. ಡಾಕ್ಟರು ಹೇಳಿದ್ದಾರಲ್ಲ — ಯಜಮಾನರಿಗೆ ಇಷ್ಟವಾದದ್ದನ್ನು ದಿನಾ ಕೈಗೆ ಕೊಡಿ, ಅಷ್ಟಾದರೂ ನೆನಪು ನಿಲ್ಲುತ್ತದೆ ಅಂತ. ಇವರಿಗೆ ಇಷ್ಟವಾದದ್ದು ನಾನಂತೂ ಅಲ್ಲ. ಬೈಜಾಂಟೈನ್ ಅನ್ನುವ ಹಳೆಯ ಸಾಮ್ರಾಜ್ಯದ ಚಿನ್ನದ ನಾಣ್ಯ. ಅದರಲ್ಲೂ ಬಟ್ಟಲಿನ ಹಾಗೆ ತಗ್ಗಾಗಿರುವವು. ಕೈಗಿಟ್ಟ ತಕ್ಷಣ ಹೆಬ್ಬೆರಳು ತಗ್ಗಿನೊಳಗೆ ಹೋಯಿತು. ಅದರ ಮೇಲೆ ಅಚ್ಚಾಗಿರುವ ಚಕ್ರವರ್ತಿಯ ಹೆಸರು ಪಟಕ್ಕನೆ ಬಂತು. ನನ್ನ ಹೆಸರು ಕೇಳಿದೆ. ನಕ್ಕರು. ನಕ್ಕು ತಪ್ಪಿಸಿಕೊಳ್ಳುವುದೊಂದು ಮರೆತಿಲ್ಲ, ಮಹಾರಾಯ.

ಮಾರ್ಚ್ 9
ಮಗಳು ಬಂದಿದ್ದಳು. "ಅಪ್ಪಾ, ಇದ್ಯಾಕೆ ಸೊಟ್ಟ ಆಗಿದೆ?" ಬೇಕೆಂದೇ ಕೇಳಿದಳು. ಮೊದಲಾದರೆ ಕೆಂಡಾಮಂಡಲ. ಸೊಟ್ಟ ಅಲ್ಲ, ಆ ಕಾಲದವರು ಅಚ್ಚು ಹಾಕುತ್ತಿದ್ದದ್ದೇ ಹಾಗೆ ಅಂತ ಅರ್ಧ ಗಂಟೆ ಪಾಠ. ನನ್ನ ಅಣ್ಣ ಒಮ್ಮೆ ಇದನ್ನೇ ಕೇಳಿ ಊಟ ಬಿಟ್ಟು ಎದ್ದು ಹೋಗಬೇಕಾಗಿ ಬಂದಿತ್ತು. ಇವತ್ತು ನಾಣ್ಯವನ್ನು ತಿರುಗಿಸಿ ತಿರುಗಿಸಿ ನೋಡಿದರು. "ಹೌದಲ್ವಾ..." ಅಂದರು. ಅಷ್ಟೇ. ಮಗಳು ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡಳು. ಅಳುವುದು ಕೇಳಿಸದಿರಲಿ ಅಂತ.

ಮಾರ್ಚ್ 17, ಮಧ್ಯಾಹ್ನ
ಬಟ್ಟೆ ಒಣಹಾಕಿ ಬಂದೆ. ಟಕ್ ಟಕ್ ಸದ್ದು. ಮೇಜಿನ ಮೇಲೆ ಕಬ್ಬಿಣದ ಕಾವಲಿ ಬೋರಲು ಹಾಕಿ, ಅದರ ಮೇಲೆ ನಾಣ್ಯವಿಟ್ಟು, ಮೊಳೆ ಹೊಡೆಯುವ ಸುತ್ತಿಗೆಯಿಂದ... ಪೂರ್ತಿ ಚಪ್ಪಟೆ. ಅಂಚಿನಿಂದ ಚಕ್ರವರ್ತಿಯ ಎದೆಯವರೆಗೆ ಸೀಳು.
"ಸೊಟ್ಟ ಆಗಿತ್ತು ಕಣೇ. ಸರಿ ಮಾಡ್ದೆ."
ಮೈಯೆಲ್ಲ ಉರಿದುಹೋಯಿತು. ಬರಿಗೈಯಲ್ಲಿ ಮುಟ್ಟಿದರೆ ನನ್ನ ಮೇಲೆ ಹಾರಾಡುತ್ತಿದ್ದ ಮನುಷ್ಯ! ನಾಣ್ಯ ಅಂಗೈಗಿಟ್ಟೆ. "ಇದು ಯಾರು, ಹೇಳಿ?" ಹೆಬ್ಬೆರಳು ಸವರಿತು, ಜಾರಿತು. "ಯಾರು?" ನನ್ನನ್ನೇ ಕೇಳಿದರು.

ಮಾರ್ಚ್ 18
ಮಗಳಿಗೆ ಫೋನ್ ಮಾಡಿದೆ. "ಉಳಿದದ್ದನ್ನಾದ್ರೂ ಬೀಗ ಹಾಕಿಡಮ್ಮಾ" ಅಂದಳು. ಹಾಕಿದೆ. ಇವರು ಬೀರುವಿನ ಮುಂದೆ ಕುರ್ಚಿ ಎಳೆದುಕೊಂಡು ಕೂತರು. ಊಟ ಬೇಡ. ಮಾತ್ರೆ ಬೇಡ.

ಮಾರ್ಚ್ 26
ಬೀಗ ತೆಗೆದೆ. ಯಾರಿಗೆ ಅಂತ ಉಳಿಸಲಿ? ಇವುಗಳನ್ನು ಹೆಸರು ಹಿಡಿದು ಕರೆಯುವವರು ಈ ಮನೆಯಲ್ಲಿ ಈಗ ಯಾರೂ ಇಲ್ಲ. ಟ್ರೇ ಕಂಡದ್ದೇ ಮುಖ ಅರಳಿತು. "ಎಲ್ಲಾ ಸೊಟ್ಟ ಆಗ್ಬಿಟ್ಟಿವೆ ನೋಡಿ, ಪಾಪ. ಸುತ್ತಿಗೆ ಇದ್ರೆ ಕೊಡ್ತೀರಾ, ಅಮ್ಮಾ?"
ಮದುವೆಯಾದಾಗಿನಿಂದ ಮೊದಲ ಸಲ ನನಗೆ ಬಹುವಚನ.
ಕೊಟ್ಟೆ. ಜಾರದಿರಲಿ ಅಂತ ನಾಣ್ಯವನ್ನು ನಾನೇ ಹಿಡಿದುಕೊಂಡೆ. ಇಷ್ಟು ಖುಷಿಯಾಗಿ ಇವರನ್ನು ನೋಡಿ ಎಷ್ಟು ಕಾಲವಾಗಿತ್ತೋ. ಒಂದು ಮುಗಿಯಿತು. ಕೂಗುತ್ತಿದ್ದಾರೆ, ಇನ್ನೊಂದು ಹಿಡ್ಕೊಳ್ಳಿ ಬನ್ನಿ ಅಂತ. ಹೋಗಬೇಕು. ಒಬ್ಬರೇ ಹೊಡೆಯಲು ಹೋದರೆ ಬೆರಳಿಗೆ...