ಟ್ಯಾಂಕಿನ ಮೇಲಿನ ಗೆರೆ

ಮನೆಯಿಂದ
ಮಂಗಳವಾರ, ಜೂನ್ ೯

ಪ್ರೀತಿಯ ಅಕ್ಕಾ,

ಕಾಗದ ಬರೆದದ್ದಕ್ಕೆ ಮೊದಲು ಕ್ಷಮಿಸು. ಕವರ್ ನೋಡಿಯೇ ಹೆದರುತ್ತೀಯ, ಗೊತ್ತು. ಫೋನ್ ಮಾಡೋಣವೆಂದರೆ ಅಪ್ಪ ಪಕ್ಕದಲ್ಲೇ ಇರುತ್ತಾರೆ, ಮೆಸೇಜ್ ಹಾಕಿದರೆ ನೀನು ಒಂದು ಹೆಬ್ಬೆಟ್ಟು ಕಳಿಸಿ ಸುಮ್ಮನಾಗುತ್ತೀಯ. ನನ್ನದು ಹಾಸ್ಟೆಲ್ ಕನ್ನಡ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ.

ನಾನು ರಜಕ್ಕೆ ಬಂದಾಗಿನಿಂದ ಮನೆಯಲ್ಲಿ ಒಂದೇ ಸುದ್ದಿ, ಅಪ್ಪನ ಕ್ರೂಸರ್ ಬೈಕ್. ಗಾಡಿ ಪೂರ್ತಿ ಬಿಚ್ಚಿಸಿದ್ದಾರೆ. ಊಟದ ಮೇಜಿನ ಮೇಲೆ ಹೊಸ ಹ್ಯಾಂಡಲ್, ಸೋಫಾದ ಮೇಲೆ ಕ್ರೋಮ್ ಸೈಲೆನ್ಸರ್. "ಅದಕ್ಕೊಂದು ದಿಂಬು ಕೊಡಿ, ಕತ್ತು ನೋಯುತ್ತೆ" ಎಂದು ಅಮ್ಮ ಹಂಗಿಸಿದರೂ ಅಪ್ಪ ನಗುತ್ತಾರೆ. ನಿನ್ನೆಯವರೆಗೆ ನಾನೂ ನಗುತ್ತಿದ್ದೆ.

ನಿನ್ನೆ ಅವರ ಜೊತೆ ಗ್ಯಾರೇಜಿಗೆ ಹೋಗಿದ್ದೆ. ಎಡಗಡೆಯ ಕ್ಲಚ್ ಲಿವರ್ ಒತ್ತಿ ನೋಡಿದ ಮೆಕ್ಯಾನಿಕ್, "ಇನ್ನೂ ಹಗುರ ಮಾಡಿದ್ರೆ ಬೆಣ್ಣೆ ಹಿಂಡ್ದಂಗಿರುತ್ತೆ ಸಾರ್" ಎಂದ. "ಬೆಣ್ಣೆನೇ ಇರ್ಲಿ ಬಿಡಪ್ಪ" ಎಂದರು ಅಪ್ಪ. ಎಲ್ಲ ಸ್ಟೈಲಿಗೆ ಎಂದುಕೊಂಡೆ.

ಕಡುಹಸಿರು ಟ್ಯಾಂಕ್ ಕನ್ನಡಿಯಂತೆ ಹೊಳೆಯುತ್ತಿತ್ತು. ಪೇಂಟರ್ ಬಂಗಾರದ ಬಣ್ಣ ಕಲಸಿ, ಉದ್ದ ಕೂದಲಿನ ಬ್ರಶ್ ತಂದಿಟ್ಟ. ಯಾವ ಗಾಡಿಯಾದರೂ ಟ್ಯಾಂಕಿನ ಮೇಲೆ ಬಂಗಾರದ ಗೆರೆ ಎಳೆಯುವುದು ಮಾತ್ರ ಅಪ್ಪನೇ ಅಲ್ಲವೇ ಅಕ್ಕಾ? ಎಡಗೈಯಲ್ಲಿ ಒಂದೇ ಎಳೆತ, ಮುಗಿಯುವ ತನಕ ನಾವಿಬ್ಬರೂ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದೆವು.

"ಸ್ಟಿಕ್ಕರ್ ಅಂಟಿಸ್ಬಿಡು, ಈಗ ಅದೇ ಫ್ಯಾಷನ್ನು" ಎಂದರು ಅಪ್ಪ.

"ಹೋದ್ಸಲ ನಾನು ಸ್ಟಿಕ್ಕರ್ ಅಂದಿದ್ದಕ್ಕೆ ಅಂಗಡಿನೇ ಮುಚ್ಚು ಅಂದ್ರಲ್ಲ ಸಾರ್" ಎಂದ ಪೇಂಟರ್.

ನಾನೇ ಬ್ರಶ್ ತೆಗೆದು ಅವರ ಎಡಗೈಗೆ ತುರುಕಿದೆ. ಪೇಂಟರ್‌ಗೆ ಏನೋ ಉತ್ತರ ಕೊಡುತ್ತಿದ್ದರು, ಬ್ರಶ್ ಜಾರಿ ಬಿತ್ತು. ಬಿದ್ದದ್ದು ಅವರಿಗೆ ತಿಳಿಯಲೇ ಇಲ್ಲ. ಬೆರಳುಗಳು ಇನ್ನೂ ಹಿಡಿದಂತೆಯೇ ಇದ್ದವು.

ದಾರಿಯಲ್ಲಿ ಕೇಳಿದರೆ, "ಜೋಮು ಹಿಡಿದಿತ್ತು ಕಣೇ. ಅಮ್ಮನ ಹತ್ರ ಡಂಗುರ ಸಾರ್ಬೇಡ" ಎಂದು ಕೈ ಜೇಬಿಗೆ ಹಾಕಿಕೊಂಡರು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡ ಹಾಗೆ.

ಮುಂದಿನ ವಾರ ಬಣ್ಣ ಒಣಗಿದ ಕೂಡಲೇ ಅದರಲ್ಲೇ ನಿನ್ನ ಮನೆಗೆ ಬರುತ್ತಾರಂತೆ. ಒಬ್ಬರೇ, ಹೆದ್ದಾರಿಯಲ್ಲಿ. ಅಮ್ಮನಿಗೆ ಹೇಳಿದರೆ ಅಪ್ಪ ನನ್ನನ್ನು ಇನ್ನು ನಂಬುವುದಿಲ್ಲ. ಹೇಳದೆ ಏನಾದರೂ ಆದರೆ? ನೀನು ಬೇಡವೆಂದರೆ ನಿಂತಾರು. ಡಾಕ್ಟರ ಹತ್ತಿರ ಹೋಗಿ ಎಂದು ನೀನೇ ಹೇಳು.

ಭಾವನಿಗೆ ನಮಸ್ಕಾರ, ಪಾಪುವಿನ ಎರಡೂ ಕೆನ್ನೆಗೆ ಮುತ್ತು. ನೀವೆಲ್ಲ ತಣ್ಣಗಿರಿ.

ನಿನ್ನ,
ಪುಟ್ಟಿ

ತಾ.ಕ.: ಗಾಡಿಯ ಹಿಂದಿನ ಸೀಟನ್ನೂ ತೆಗೆಸಿ, ಒಬ್ಬರೇ ಕೂರುವ ಸೀಟು ಹಾಕಿಸಿದ್ದಾರೆ. ಬ್ರಶ್ ಬೀಳುವ ಮೊದಲು, "ಹಂಗಾದ್ರೆ ನಾನೆಲ್ಲಿ ಕೂರ್ಲಿ?" ಎಂದು ಕೇಳಿದ್ದೆ. "ನಿನ್ನನ್ನ ಕೂರಿಸ್ಕೊಳ್ಳೋ ಧೈರ್ಯ ಇಲ್ಲ ಪುಟ್ಟಿ" ಎಂದರು. ದಪ್ಪಗಾಗಿದ್ದೀಯ ಎಂದು ರೇಗಿಸುತ್ತಿದ್ದಾರೆ ಅಂದುಕೊಂಡು ಗ್ಯಾರೇಜಿಗೆಲ್ಲ ಕೇಳುವಂತೆ ನಕ್ಕೆ. ಅವರು ನಗಲಿಲ್ಲ ಅಕ್ಕಾ. ಬೇಗ ಉತ್ತರ ಕೊಡು.