ಒಂದು ನಂಬರಿಗೆ ಒಬ್ಬರು

ಅಕ್ಕಾ,

ಇವತ್ತು ಆಸ್ಪತ್ರೆಯವರು ಅಮ್ಮನಿಗೆ ಡಯಾಲಿಸಿಸ್ ಮಾಡಲು ಒಪ್ಪಲಿಲ್ಲ. ಅವರ ಕಂಪ್ಯೂಟರಿನಲ್ಲಿ ಅಮ್ಮ ತೀರಿಕೊಂಡಿದ್ದಳು. ನಿನಗೂ ಅಮ್ಮನಿಗೂ ಇದ್ದದ್ದು ಒಂದೇ ಫೋನು. ಆ ಸಾಫ್ಟ್‌ವೇರಿಗೆ ಒಂದು ನಂಬರೆಂದರೆ ಒಬ್ಬ ರೋಗಿ. ಮೊನ್ನೆ ನಿನ್ನ ಸಾವನ್ನು ದಾಖಲಿಸಿದಾಗ ಅಮ್ಮನ ದಾಖಲೆಯೂ ಮುಚ್ಚಿಹೋಗಿತ್ತು.

ಆ ಸಾಫ್ಟ್‌ವೇರ್ ತಂದ ಹೊಸತರಲ್ಲೇ ನೀನು ಕೌಂಟರಿನಲ್ಲಿ, “ಒಂದೇ ಫೋನಿರೋ ಮನೆಯವ್ರು ಏನ್ ಮಾಡ್ಬೇಕಪ್ಪಾ?” ಎಂದು ಕೇಳಿದ್ದೆ. ಆಮೇಲೆ ಸರಿಮಾಡುತ್ತೇವೆ ಎಂದಿದ್ದರು. ನಾನು ಮರೆತಿಲ್ಲ. ಇವತ್ತು ಅದನ್ನೇ ಎತ್ತಿ ಆಡಿದೆ. ಸಾಫ್ಟ್‌ವೇರ್ ನೋಡಿಕೊಳ್ಳುವ ಎಂಜಿನಿಯರ್ ತಲೆ ತಗ್ಗಿಸಿದ.

“ಶುರುನಲ್ಲೇ ಯೋಚ್ನೆ ಮಾಡ್ಬೇಕಿತ್ತು ಸಾರ್. ಈಗ ಬಿಲ್ಲು, ಔಷಧಿ, ಲ್ಯಾಬು ಎಲ್ಲಾ ಅದರ ಮೇಲೇ ನಿಂತಿದೆ. ಮುಟ್ಟೋಕಾಗಲ್ಲ.”

“ನಮ್ಮಮ್ಮ ನಿನ್ನ ಎದುರಿಗೇ ಕೂತಿದಾಳಲ್ಲಯ್ಯ, ಕಣ್ಣು ಕಾಣ್ಸಲ್ವಾ?”

“ಒಂದು ದಾರಿ ಇದೆ. ನಿಮ್ಮಕ್ಕ ಬದುಕಿದಾರೆ ಅಂತ ಹಾಕಿದ್ರೆ ಅಮ್ಮನ ದಾಖಲೆನೂ ತೆರ್ಕೊಳ್ಳುತ್ತೆ.”

ಅಮ್ಮನ ಕಾಲು ಊದಿತ್ತು, ಏದುಸಿರು ಬಿಡುತ್ತಿದ್ದಳು. “ಹಾಕಪ್ಪಾ,” ಎಂದಳು. “ಇಷ್ಟು ಸುಲಭ ಅಂತ ಮೊನ್ನೆನೇ ಹೇಳ್ಬಾರ್ದಿತ್ತಾ?”

ಅವನು ಹಾಕಿದ. ಅಮ್ಮನನ್ನು ಒಳಗೆ ಕರೆದುಕೊಂಡರು.

ಸಂಜೆ ಮನೆ ಸೇರಿದ ಮೇಲೆ ಫೋನಿಗೆ ಮೆಸೇಜು ಬಂತು: ನಾಳೆ ಬೆಳಿಗ್ಗೆ ನಿನಗೆ ಕೀಮೋ ಇದೆ, ತಪ್ಪದೆ ಬರಬೇಕು. ಅಳಿಸೋಣವೆಂದು ಕೈಚಾಚಿದೆ. ಅಮ್ಮ ಫೋನು ಕೊಡಲಿಲ್ಲ.

“ಅಲ್ಲಿ ಸ್ವಲ್ಪ ಹೊತ್ತು ಕೂತು ಬರೋಣ ಕಣೋ. ಪಾಪ, ಪ್ರತಿ ಸಲ ಒಬ್ಳೇ ಹೋಗ್ತಿದ್ಲು.”

ನಾಳೆಗೆ ರಜೆ ಹಾಕಿದ್ದೇನೆ, ಅಕ್ಕಾ.