ಹಿಂಡಿ ಊಟವಲ್ಲ

ಜನವರಿ 12, ಭಾನುವಾರ

ರೊಟ್ಟಿ ಬಡಿದೆ. ಬದನೆಕಾಯಿ ಪಲ್ಯ, ಮೊಸರು. ತಟ್ಟೆಯ ಮೂಲೆಯಲ್ಲಿ ಎಂದಿನಂತೆ ರಂಜನಕ್ಕ ಕುಟ್ಟಿ ಕಳಿಸುವ ಗುರೆಳ್ಳು ಹಿಂಡಿ. ಆ ಕರಿ ಚಟ್ನಿಪುಡಿ ಇಲ್ಲದಿದ್ದರೆ ಇವರು ತಟ್ಟೆಗೇ ಕೈ ಹಚ್ಚುವುದಿಲ್ಲ.

ಮಧ್ಯಾಹ್ನ ಲೋಕಲ್ ಹಿಡಿದು ಬೈಕುಲ್ಲಾಕ್ಕೆ, ಅಣ್ಣನ ಮನೆಗೆ. ಕಾಶಿನಾಥಣ್ಣನಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಆಪರೇಷನ್ ಆಗಿ ಎರಡು ತಿಂಗಳು. ಅಂಗಿ ಇನ್ನೂ ಸಡಿಲ. ಧ್ವನಿ ಮಾತ್ರ ಮರಳಿದೆ. ಟಿವಿ ಮುಂದೆ ಕೂತು ಅಂಪೈರನನ್ನು ಬೈಯುತ್ತಿದ್ದ.

ಹೊರಡುವಾಗ ಅಂದ: "ಡಾಕ್ಟರ್ ಮತ್ತ ಕೇಳಿದ್ರು. ತಂಗ್ಯಾರಿಬ್ರೂ ತೋರಿಸ್ಕೊಂಡ್ರೇನು ಅಂತ. ನಾ ಏನ್ ಹೇಳ್ಲಿ?"

ಗಾಡಿಗೆ ಹೊತ್ತಾಯ್ತು ಅಂದೆ. ದಾದರಿನಲ್ಲಿ ಗಾಡಿ ಬದಲಿಸಿ, ಸೀಟು ಸಿಕ್ಕ ಮೇಲೆ ಕವಿತೆಯ ಪುಸ್ತಕ ತೆರೆದೆ. ಕಾಂದಿವಲಿ ಬರುವವರೆಗೂ ಅದೇ ಪುಟ.

ಜನವರಿ 18, ಶನಿವಾರ

ಇಲ್ಲೇ ಕಾಂದಿವಲಿಯ ಹೊಟ್ಟೆರೋಗ ತಜ್ಞ ಡಾ. ಮಾನೆಯವರನ್ನು ಕಂಡೆ. ಕೇಳಬೇಕಾದ್ದೆಲ್ಲ ಕೇಳಿದೆ. ವರ್ಷಕ್ಕೊಮ್ಮೆ ಮಲಪರೀಕ್ಷೆ ಸಾಲದೇ? ಬಹಳ ಜನರಿಗೆ ಅದೂ ಒಂದು ದಾರಿ. ಆದರೆ ಒಡಹುಟ್ಟಿದವನಿಗೆ ಐವತ್ನಾಲ್ಕಕ್ಕೇ ಬಂದಿರುವಾಗ ಕೊಲೊನೋಸ್ಕೋಪಿಯೇ ಮೇಲು — ಕ್ಯಾಮೆರಾ ಹಾಕಿ ಕರುಳಿನ ಒಳಗೋಡೆ ನೋಡುವುದು. ಅಪಾಯ? ರಕ್ತಸ್ರಾವ, ಕರುಳಿಗೆ ತೂತು. ಅಪರೂಪ. "ಇಲ್ಲವೇ ಇಲ್ಲ ಅಂತ ಹೇಳಲಾರೆ," ಎಂದರು. ಆ ಮಾತಿನಿಂದಲೇ ನಂಬಿಕೆ ಬಂತು.

ಊಟದಿಂದ? ಜೋಳ, ಕಾಳು, ಸೊಪ್ಪು ಬಿಡಬೇಡಿ, ಅಪಾಯ ಕಡಿಮೆಯಾಗುತ್ತದೆ. ಆದರೆ ಈಗಾಗಲೇ ಒಳಗೆ ಗಂಟು ಇದ್ದರೆ ಯಾವ ಸೊಪ್ಪೂ ಅದನ್ನು ತೋರಿಸಿಕೊಡುವುದಿಲ್ಲ.

ಯೋಚಿಸಿ ಹೇಳುತ್ತೇನೆ ಅಂದೆ. ಮೆಟ್ಟಿಲಿಳಿದು, ಮತ್ತೆ ಹತ್ತಿ, ದಿನ ಗೊತ್ತು ಮಾಡಿಕೊಂಡು ಬಂದೆ.

ರಂಜನಕ್ಕನಿಗೆ ಫೋನ್. ಬಾಂದ್ರಾದಿಂದ ಒಂದೇ ಉಸಿರು: "ನೀ ಹೋಗು. ನಾ ಬರಂಗಿಲ್ಲ. ಮೈದಾ ಬಿಟ್ಟೀನಿ, ಸಕ್ರಿ ಬಿಟ್ಟೀನಿ, ದಿನಾ ಅಗಸಿ, ಗುರೆಳ್ಳು ತಿಂತೀನಿ. ನನ್ನ ಹೊಟ್ಟ್ಯಾಗ ಕ್ಯಾನ್ಸರ್ ಬಂದ್ರ ಅದಕ್ಕ ಉಪವಾಸನ!"

"ಅಣ್ಣನೂ ನಿನ್ನ ಹಿಂಡೀನ ತಿಂತಿದ್ದ, ಅಕ್ಕಾ."

ಫೋನ್ ಇಟ್ಟುಬಿಟ್ಟಳು. ಹೇಳಬಾರದಿತ್ತು...

ಜನವರಿ 26, ಭಾನುವಾರ

ಅಕ್ಕನಿಂದ ಮಾತಿಲ್ಲ. ಡಬ್ಬಿ ಮಾತ್ರ ಬಂತು — ಇವರ ಆಫೀಸಿನ ವಾಚ್‌ಮನ್ ಕೈಗೆ ಕೊಟ್ಟು ಹೋಗಿದ್ದಳಂತೆ. ಅಗಸೆಯೂ ಬೆರೆತ ಹೊಸ ಹಿಂಡಿ. ಮುಚ್ಚಳ ತೆಗೆದರೆ ಬೆಳ್ಳುಳ್ಳಿ ಘಮ. ಸಿಟ್ಟು ಇದ್ದವರು ಇಷ್ಟು ಬೆಳ್ಳುಳ್ಳಿ ಹಾಕುವುದಿಲ್ಲ.

ಜನವರಿ 30, ಗುರುವಾರ

ನಾಳೆ. ಕರುಳು ಖಾಲಿಯಿದ್ದರೇ ಕ್ಯಾಮೆರಾಗೆ ಕಾಣುವುದಂತೆ. ಮೂರು ದಿನದಿಂದ ರೊಟ್ಟಿ ಇಲ್ಲ, ಸೊಪ್ಪು ಇಲ್ಲ, ಬೀಜವಿರುವುದೇನೂ ಇಲ್ಲ. ನಿನ್ನೆಯವರೆಗೆ ಬರೀ ಬಿಳಿ ಅನ್ನ, ಮೊಸರು. ಮೇಲೊಂದು ಚಿಟಿಕೆ ಹಿಂಡಿ, ಅದೊಂದೇ ಸಮಾಧಾನ. ಇವತ್ತು ತಿಳಿಸಾರು, ಎಳನೀರು, ಆಮೇಲೆ ಹೊಟ್ಟೆ ತೊಳೆಯುವ ಔಷಧಿ. ಇದನ್ನು ಬರೆಯುವಷ್ಟರಲ್ಲೇ ಏಳಬೇಕಾಯ್ತು —

ಜನವರಿ 31, ಶುಕ್ರವಾರ, ಸಂಜೆ

ಮಂಪರು ಇಳಿದ ಮೇಲೆ ಪರದೆ ತೋರಿಸಿದರು. ಗುಲಾಬಿ ಗೋಡೆ. ಅದರ ತುಂಬ ಕರಿ ಚುಕ್ಕೆ. ಅಣ್ಣನದೂ ಹೀಗೇ ಇತ್ತೇ?

"ತಾಈ, ಘಾಬರೂ ನಕಾ," ಗಾಬರಿ ಬೇಡ ಎಂದು ಮರಾಠಿಯಲ್ಲಿ ಅಂದರು ಡಾ. ಮಾನೆ. ಆಮೇಲೆ ನಗು ತಡೆದುಕೊಂಡು, "ಕಾರಳ್ಯಾಚೀ ಚಟ್ಣೀ?" ಸೋಲಾಪುರದವರು. ಕಾರಳೆ ಅಂದರೆ ನಮ್ಮ ಗುರೆಳ್ಳು; ಅದರ ಹಿಂಡಿ ಅವರ ಮನೆಯ ಮೂರು ಹೊತ್ತಿನ ಗೆಳೆಯ. ನೋಡಿದೊಡನೆ ಗುರುತು ಹಿಡಿದರು. "ಬೀಜ ಬೇಡ ಅಂದಿದ್ದೆನಲ್ಲ?"

ಅಂದಿದ್ದರು. ಎಳ್ಳಿನುಂಡೆ ಮುಟ್ಟಿರಲಿಲ್ಲ. ಟೊಮೇಟೊ ಮುಟ್ಟಿರಲಿಲ್ಲ. "ಡಾಕ್ಟರ್, ಅದು ಊಟ ಅಲ್ಲ, ಹಿಂಡಿ," ಎಂದೆ. ನರ್ಸ್ ಗೋಡೆಯ ಕಡೆ ತಿರುಗಿ ನಕ್ಕಳು. ಎಂ.ಎ. ಓದಿದ್ದು ಸಾರ್ಥಕ.

ಕಂಡಷ್ಟು ಭಾಗ ಚೆನ್ನಾಗಿದೆ. ಹಿಂಡಿ ಮೆತ್ತಿಕೊಂಡು ಕಾಣದ್ದರ ಬಗ್ಗೆ ಏನೂ ಹೇಳುವಂತಿಲ್ಲ. ಮೂರು ವಾರ ಬಿಟ್ಟು ಮತ್ತೆ. ರಿಕ್ಷಾದಲ್ಲಿ ಇವರೂ ನಗುತ್ತಿದ್ದರು, ನಾನೂ. ಮನೆ ಬಂದಾಗ ನನ್ನ ನಗು ಮುಗಿದಿತ್ತು. ಕಾಣದ್ದು ಇನ್ನೂ ಒಳಗೇ ಇದೆ.

ಫೆಬ್ರವರಿ 2, ಭಾನುವಾರ

ಅಕ್ಕ ಬಂದಳು. ಎಲ್ಲ ಹೇಳಿದೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ನನ್ನ ಹೊಟ್ಟಿ ನೋಡಿದ್ರ ಆ ಡಾಕ್ಟರ್ ಸೋಲಾಪುರಕ್ಕ ಓಡ್ತಾನ!"

ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಾನ ಕುಟ್ಟಿದ್ದು ಅಡ್ಡ ಬಂತಲ್ಲ ತಂಗಿ."

"ಅಷ್ಟು ದೊಡ್ಡದೇನಲ್ಲ ಬಿಡಕ್ಕಾ."

"ಹೆದರಿಕಿ ಆಗ್ತೈತಿ. ತಿನ್ನೂದು ನನ್ನ ಕೈಯಾಗ ಐತಿ. ಆ ಪರದಿ ಮ್ಯಾಲಿಂದು ನನ್ನ ಕೈಯಾಗಿಲ್ಲ."

ನನ್ನ ಕಪಾಟಿನ ಯಾವ ಕವಿತೆಯೂ ಇದನ್ನು ಇಷ್ಟು ನೇರವಾಗಿ ಹೇಳಿಲ್ಲ. ಬಾ ಎಂದು ಒತ್ತಾಯಿಸಲಿಲ್ಲ. ಡಾಕ್ಟರ್ ಹೇಳಿದ್ದನ್ನು ಹೇಳಿದೆ, ಅಪಾಯವನ್ನೂ ಬಿಡದೆ. ಚಹಾ ಆರಿತು. ಚಪ್ಪಲಿ ಮೆಟ್ಟುತ್ತಾ ಅಂದಳು, "ಒಬ್ಬಾಕಿ ಹೋಗಬ್ಯಾಡ. ನಂದೂ ಹೆಸರು ಬರಸು."

ಫೆಬ್ರವರಿ 21, ಶುಕ್ರವಾರ

ಇಬ್ಬರದೂ ಆಯಿತು. ಹಿಂಡಿ ಡಬ್ಬಿಯನ್ನು ವಾರದ ಹಿಂದೆಯೇ ಇವರು ಅಟ್ಟಕ್ಕೇರಿಸಿದ್ದರು. ನನ್ನದು ಪೂರ್ತಿ ಕಂಡಿತು. ಏನೂ ಇಲ್ಲ. ಏನೂ ಇಲ್ಲ. ಮತ್ತೆ ಮತ್ತೆ ಬರೆಯಬೇಕೆನಿಸುತ್ತಿದೆ.

ಅಕ್ಕನದರಲ್ಲಿ ಒಂದು ಗಂಟು. ಅಲ್ಲೇ ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ಅರೆಮಂಪರಿನಲ್ಲಿ ಕೇಳಿದಳು: "ನಂದು ಸ್ವಚ್ಛ ಇತ್ತಿಲ್ಲೊ?"

"ನನಗಿಂತ ಸ್ವಚ್ಛ, ಅಕ್ಕಾ."

"ಹೂಂ. ಶಾಣ್ಯಾಕಿ ಅಂದ್ರ ನಾನ."

ಕೈ ಹಿಡಿದಿದ್ದೆ. ಬಿಡಲಿಲ್ಲ ಅವಳೂ.

ಮಾರ್ಚ್ 4, ಮಂಗಳವಾರ

ಬಂತು. ಅಕ್ಕನ ಗಂಟಿನ ರಿಪೋರ್ಟು. ಕ್ಯಾನ್ಸರ್ ಅಲ್ಲ. ಬಿಟ್ಟಿದ್ದರೆ ಮುಂದೆಂದೋ ಆಗಬಹುದಿತ್ತು, ಆಗದೆಯೂ ಇರಬಹುದಿತ್ತು ಎಂದರು ಡಾ. ಮಾನೆ. ಈಗಂತೂ ಅದು ಅಲ್ಲಿಲ್ಲ. ಮತ್ತೆ ತೋರಿಸಿಕೊಳ್ಳಬೇಕಾದ್ದು ಅಕ್ಕ ಇನ್ನು ಮೂರು ವರ್ಷಕ್ಕೆ, ನಾನು ಐದಕ್ಕೆ.

ನನಗೆ ಹೇಳುವ ಮೊದಲೇ ಬೈಕುಲ್ಲಾಕ್ಕೆ ಫೋನ್ ಮಾಡಿದ್ದಾಳೆ: "ಅಣ್ಣಾ, ತಂಗ್ಯಾರಿಬ್ರೂ ತೋರಿಸ್ಕೊಂಡಾರ ಅಂತ ಹೇಳಪಾ ನಿನ್ನ ಡಾಕ್ಟರ್‌ಗೆ." ಅವನು ಟಿವಿಯ ಧ್ವನಿ ತಗ್ಗಿಸಿದನಂತೆ. ಆಮೇಲೆ ಮ್ಯಾಚಿನ ಸ್ಕೋರ್ ಹೇಳಿದನಂತೆ.

ಡಬ್ಬಿ ಕೆಳಗಿಳಿಸಿದೆ. ಬಿಸಿ ರೊಟ್ಟಿ, ಎಣ್ಣೆ, ಹಿಂಡಿ. ಒಂದು ಗುರೆಳ್ಳು ಹಲ್ಲಿನ ಸಂದಿಗೆ ಸಿಕ್ಕಿಕೊಂಡಿತು. ಇರಲಿ. ಇನ್ನು ಐದು ವರ್ಷ ಅದು ಎಲ್ಲಿಗೆ ಹೋದರೂ ನೋಡುವವರಿಲ್ಲ. ಇನ್ನೊಂದು ರೊಟ್ಟಿ ಹೆಂಚಿನ ಮೇಲೆ —